ನಟಿಯ ಕೈಗೆ ಲೇಖನಿ ಬಂದಾಗ

ನಾಟಕದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಎರಡು ಪಟ್ಟಿಗಳನ್ನು ಇಟ್ಟುಕೊಂಡಿರುತ್ತಾರೆ. ಒಂದು ನಾಟಕಕಾರರದ್ದು, ಇನ್ನೊಂದು ನಟ ನಟಿಯರದ್ದು. ಮೊದಲನೆಯದರಲ್ಲಿ ಹೆಂಗಸರ ಹೆಸರು ಅಪರೂಪ. ಎರಡನೆಯದರಲ್ಲಿ ಅವರ ಹೆಸರಿಲ್ಲದೆ ಪಟ್ಟಿಯೇ ಪೂರ್ತಿಯಾಗುವುದಿಲ್ಲ. ಎರಡೂ ಪಟ್ಟಿಗಳಲ್ಲಿ ಕಾಣಿಸುವ ಗಂಡಸರನ್ನು ಹುಡುಕುವುದು ಕಷ್ಟವಲ್ಲ. ಮಾಸ್ಟರ್ ಹಿರಣ್ಣಯ್ಯ, ಗಿರೀಶ ಕಾರ್ನಾಡ ಎಂದು ಯಾರಾದರೂ ಹೇಳಿಯಾರು. ಬಣ್ಣ ಹಚ್ಚಿ ನಿಂತು ನಾಟಕವನ್ನೂ ಬರೆದ ಹೆಣ್ಣುಮಕ್ಕಳು ಯಾರು ಎಂದು ಕೇಳಿದರೆ ಮಾತ್ರ ನಾವೆಲ್ಲ ಒಂದು ಕ್ಷಣ ತಡವರಿಸುತ್ತೇವೆ. ಆ ತಡವರಿಕೆಗೆ ಕಾರಣ ಏನೆಂಬುದನ್ನು ವಿಚಾರಿಸುವುದು ಈ ಬರಹದ ಉದ್ದೇಶ.

ಬೀದರ್ ಜಿಲ್ಲೆಯವರಾದ ನಮಗೆ ಇದು ದೂರದ ಪ್ರಶ್ನೆಯಲ್ಲ. ಔರಾದದ ಅಮರೇಶ್ವರ ಜಾತ್ರೆ ಇರಲಿ, ಭಾಲ್ಕಿ ಸೀಮೆಯ ಹಳ್ಳಿಗಳ ಜಾತ್ರೆ ಉರುಸುಗಳಿರಲಿ, ಊರಿನ ಹುಡುಗರು ಸೇರಿ ಒಂದು ಸಾಮಾಜಿಕ ನಾಟಕ ಕಲಿತು ಆಡುವುದು ಈ ಕಲ್ಯಾಣ ಕರ್ನಾಟಕದ ಹಳೆಯ ರೂಢಿ. ಹುಡುಗರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಸಾಹುಕಾರನ ಪಾತ್ರ ಮಾಡುವವನು ಒಕ್ಕಲಿಗನ ಮಗನಾದರೆ ಪೇಟಿ ನುಡಿಸುವ ಮಾಸ್ತರು ಮುಸಲ್ಮಾನರಾಗಿರುವುದುಂಟು. ಆದರೆ ನಾಯಕಿಯ ಪಾತ್ರಕ್ಕೆ ಊರಿನ ಹೆಣ್ಣುಮಗಳು ಬರುವುದಿಲ್ಲ. ಬಂದರೆ ಊರು ಸುಮ್ಮನಿರುವುದಿಲ್ಲ. ಹಾಗಾಗಿ ಕಲಬುರಗಿಯಿಂದಲೋ, ವಿಜಯಪುರ ಗದಗುಗಳ ಕಡೆಯಿಂದಲೋ ವೃತ್ತಿನಟಿಯರನ್ನು ಸಂಭಾವನೆ ಮಾತಾಡಿ ಕರೆಸುತ್ತಾರೆ.

ಹುಡುಗರು ಎರಡು ಮೂರು ತಿಂಗಳು ತಾಲೀಮು ಮಾಡಿರುತ್ತಾರೆ. ನಟಿ ಬರುವುದು ಆಟದ ದಿನ ಮಧ್ಯಾಹ್ನ, ಹೆಚ್ಚೆಂದರೆ ಹಿಂದಿನ ದಿನ. ಹಿಂದಿನ ರಾತ್ರಿ ಆಕೆ ಬೇರೊಂದು ಊರಿನಲ್ಲಿ ಬೇರೊಂದು ನಾಟಕದ ತಂಗಿಯೋ ಸೊಸೆಯೋ ಆಗಿ ಅತ್ತಿರುತ್ತಾಳೆ. ಮಾಸ್ತರು ಒಮ್ಮೆ ಕಥೆ ಹೇಳಿ, ಮುಖ್ಯ ದೃಶ್ಯಗಳ ಮಾತು ಓದಿ ತೋರಿಸುತ್ತಾರೆ. ಅಷ್ಟರಲ್ಲಿಯೇ ಆಕೆ ರಾತ್ರಿಯಿಡೀ ನಾಟಕವನ್ನು ಎತ್ತಿ ಹಿಡಿಯಬೇಕು. ಎದುರಿನ ಹುಡುಗ ಮಾತು ಮರೆತು ನಿಂತರೆ ಅವನ ಮಾತನ್ನೂ ತನ್ನ ಬಾಯಿಂದಲೇ ಪ್ರಶ್ನೆಯಾಗಿ ಹೊರಡಿಸಬೇಕು. ಯಾರೋ ಕುಡಿದು ಕೂಗಿದರೆ ಪಾತ್ರದೊಳಗಿದ್ದುಕೊಂಡೇ ಅವನ ಬಾಯಿ ಮುಚ್ಚಿಸಬೇಕು. ಪುಸ್ತಕದಲ್ಲಿ ಎರಡು ಸಾಲಿರುವ ಅಳುವಿನ ದೃಶ್ಯವನ್ನು ಜನ ಕಣ್ಣೊರೆಸಿಕೊಳ್ಳುವವರೆಗೂ ಬೆಳೆಸಬೇಕು. ಇದಕ್ಕೆಲ್ಲ ಬೇಕಾದ ಮಾತನ್ನು ಆಕೆಗೆ ಯಾರೂ ಬರೆದುಕೊಡುವುದಿಲ್ಲ. ಆಕೆಯೇ ಅಲ್ಲಿಯೇ ಕಟ್ಟುತ್ತಾಳೆ.

ನಾಟಕ ರಚನೆ ಎಂದರೆ ಇದಲ್ಲದೆ ಇನ್ನೇನು? ವಿಪರ್ಯಾಸವೆಂದರೆ, ಬೆಳಗಾದ ಮೇಲೆ ಆ ಮಾತುಗಳಲ್ಲಿ ಒಂದೂ ಆಕೆಯ ಹೆಸರಿನಲ್ಲಿ ಉಳಿಯುವುದಿಲ್ಲ. ಒಳ್ಳೆಯ ಮಾತನ್ನು ಮಾಸ್ತರು ಹಸ್ತಪ್ರತಿಯ ಅಂಚಿನಲ್ಲಿ ಬರೆದುಕೊಂಡರೆ ಮುಂದಿನ ಊರಿನಲ್ಲಿ ಅದು ಕವಿಯ ಮಾತೇ ಆಗಿಬಿಡುತ್ತದೆ. ನಟಿಗೆ ಬಾಯಿಗೆ ಬಂದದ್ದು ಕೈಗೆ ಬರಲಿಲ್ಲ.

ನಾಲ್ಕು ದಿಕ್ಕಿನ ಗಾಳಿ

ಬೀದರ್ ನಾಲ್ಕು ಭಾಷೆಗಳು ಕೂಡುವ ನೆಲ. 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಜಿಲ್ಲೆಯ ಹಳೆಯ ತಾಲೂಕುಗಳಲ್ಲಿ ಉದಗೀರ, ನಿಲಂಗಾಗಳು ಮರಾಠಿ ಕಡೆಗೆ ಹೋದವು. 1930ರ ದಶಕದ ಆರಂಭದಲ್ಲಿ ವಿಕಾರಾಬಾದಿನಿಂದ ಬೀದರ್, ಭಾಲ್ಕಿ, ಕಮಲನಗರಗಳ ಮೇಲೆ ಪರಳಿಯವರೆಗೆ ರೈಲು ಬಂದ ಮೇಲೆ ಹೈದರಾಬಾದಿನ ಉರ್ದು, ಮರಾಠವಾಡದ ಮರಾಠಿ ಇನ್ನೂ ಹತ್ತಿರವಾದವು. ತೆಲುಗು ಪೂರ್ವಕ್ಕೆ ಒಂದು ಹೆಜ್ಜೆ. ಕನ್ನಡ ನೆಲದಡಿಯಲ್ಲೇ ಇತ್ತು. ಈ ನಾಲ್ಕೂ ಭಾಷೆಗಳ ರಂಗಭೂಮಿಯಲ್ಲಿ ನಟಿಯ ಕಥೆ ಹೇಗಿದೆ ಎಂದು ನೋಡಿದರೆ ನಮ್ಮ ಪ್ರಶ್ನೆಯ ಬೇರು ಸಿಗುತ್ತದೆ.

ಉರ್ದುವಿನಿಂದ ಆರಂಭಿಸೋಣ. ಮುಂಬಯಿಯ ಪಾರ್ಸಿ ಕಂಪನಿಗಳಲ್ಲಿ ಮೊದಲು ಹೆಣ್ಣು ಪಾತ್ರಗಳನ್ನು ಹುಡುಗರೇ ಮಾಡುತ್ತಿದ್ದರು. 1872ರ ಸುಮಾರಿಗೆ ವಿಕ್ಟೋರಿಯಾ ನಾಟಕ ಮಂಡಳಿ ದಾದಿ ಪಟೇಲರ ನೇತೃತ್ವದಲ್ಲಿ ಸಾಲಾರ್ ಜಂಗರ ಹೈದರಾಬಾದಿಗೆ ಬಂದಿತು. ಹಿಂದಿರುಗುವಾಗ ಇಲ್ಲಿನ ಕೆಲವು ಗಾಯಕಿ ನರ್ತಕಿಯರನ್ನು ಜೊತೆಗೆ ಕರೆದೊಯ್ದು 'ಇಂದರ್ ಸಭಾ' ನಾಟಕದಲ್ಲಿ ರಂಗಕ್ಕೆ ತಂದಿತು. ಲತೀಫಾ ಬೇಗಂ ಅವರಲ್ಲೊಬ್ಬರು. ಅಂದರೆ ಪಾರ್ಸಿ ರಂಗಭೂಮಿಯ ಮೊದಲ ನಟಿಯರು ಹೋದದ್ದು ನಾವಿದ್ದ ರಾಜ್ಯದ ರಾಜಧಾನಿಯಿಂದಲೇ. ಅವರ ಕಂಠ, ಅವರ ಕುಣಿತ ಕಂಪನಿಯ ಪೆಟ್ಟಿಗೆ ತುಂಬಿಸಿತು. ಬರೆಯುವ ಕೆಲಸ ಮಾತ್ರ ಸಂಬಳಕ್ಕಿದ್ದ ಮುನ್ಶಿಗಳದ್ದಾಗಿಯೇ ಉಳಿಯಿತು.

ತೆಲುಗಿನ ಸುರಭಿ ಮನೆತನದ ನಾಟಕಗಳಲ್ಲಿ 19ನೆಯ ಶತಮಾನದ ಕೊನೆಯಿಂದಲೂ ಮನೆಯ ಹೆಂಗಸರೇ ಹೆಣ್ಣು ಪಾತ್ರ ಮಾಡಿದರು. ಆ ಮಟ್ಟಿಗೆ ಅದು ದೊಡ್ಡ ಹೆಜ್ಜೆ. ಮರಾಠಿಯಲ್ಲಿ ಹೆಣ್ಣು ಪಾತ್ರಕ್ಕೆ ಬಾಲಗಂಧರ್ವರಂಥ ಗಂಡಸರೇ ಬಹುಕಾಲ ರಾಜರಾಗಿದ್ದರು. ಅವರ ಇಳಿಗಾಲದಲ್ಲಿ ಕಂಪನಿಯ ನಾಯಕಿಯಾಗಿ ನಿಂತವರು ಬಾಗಲಕೋಟೆ ಸೀಮೆಯ ಬೀಳಗಿಯ ಗೋಹರಬಾಯಿ ಕರ್ನಾಟಕಿ. ಅವರ ಸಹೋದರಿ ಅಮೀರಬಾಯಿ ಕರ್ನಾಟಕಿ ಸಿನಿಮಾ ಗಾಯಕಿಯಾಗಿ ದೇಶದಲ್ಲೆಲ್ಲ ಮನೆಮಾತಾದವರು. ಕನ್ನಡದ ಮುಸ್ಲಿಂ ಮನೆಯ ಇಬ್ಬರು ಹೆಣ್ಣುಮಕ್ಕಳು ಮರಾಠಿ, ಹಿಂದಿ ಲೋಕಗಳನ್ನು ಗೆದ್ದ ಈ ಚರಿತ್ರೆಯನ್ನು ನಾವು ಮಕ್ಕಳಿಗೆ ಹೇಳಬೇಕಾದಷ್ಟು ಹೇಳಿಲ್ಲ. ಆದರೂ ಅವರು ಹಾಡಿದ್ದು, ಆಡಿದ್ದು ಬೇರೆಯವರ ಬರಹವನ್ನೇ.

ಮರಾಠಿಯಲ್ಲಿಯೇ ಬರೆದ ಹೆಣ್ಣುಮಗಳೊಬ್ಬರಿದ್ದರು. ಸಾವಂತವಾಡಿಯ ಹೀರಾಬಾಯಿ ಪೆಡ್ನೇಕರ್ ಹಾಡುವ ಕಲಾವಂತ ಮನೆತನದವರು. 1904ರಲ್ಲಿ 'ಜಯದ್ರಥ ವಿಡಂಬನ', 1912ರಲ್ಲಿ 'ಸಂಗೀತ ದಾಮಿನಿ' ಎಂಬ ನಾಟಕಗಳನ್ನು ಬರೆದರು. ಎರಡನೆಯದನ್ನು ಕೇಶವರಾವ್ ಭೋಸಲೆಯವರ ಲಲಿತಕಲಾದರ್ಶ ಮಂಡಳಿ ಆಡಿತು. ಆ ಕಾಲದ ದೊಡ್ಡ ದೊಡ್ಡ ಮರಾಠಿ ಲೇಖಕರೆಲ್ಲ ಅವರ ಮನೆಯ ಸಂಗೀತ ಕೇಳಲು ಬರುತ್ತಿದ್ದವರೇ. ಮುಂದೆ ಅವರ ಲೇಖನಿ ನಿಂತುಹೋಯಿತು. 1951ರಲ್ಲಿ ತೀರಿಕೊಂಡರು. 1976ರಲ್ಲಿ ವಸಂತ ಕಾನೇಟಕರರು ಅವರ ಬದುಕನ್ನು ಆಧರಿಸಿ 'ಕಸ್ತೂರೀಮೃಗ' ಎಂಬ ನಾಟಕ ಬರೆದರು. ನಾಟಕ ಬರೆದ ಹೆಣ್ಣನ್ನು ಜನ ಮತ್ತೆ ನೆನೆದದ್ದು ಗಂಡಸೊಬ್ಬರು ಬರೆದ ನಾಟಕದ ಪಾತ್ರವಾಗಿ!

ಏಕೆ ಬರೆಯಲಿಲ್ಲ?

ಇದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ. ಕಂಪನಿಯ ವ್ಯವಸ್ಥೆಯನ್ನು ನೋಡಬೇಕು. ಪೂರ್ತಿ ನಾಟಕದ ಹಸ್ತಪ್ರತಿ ಮಾಲೀಕನ ಆಸ್ತಿ. ಬೇರೆ ಕಂಪನಿಗೆ ಸೋರಿಹೋದೀತೆಂಬ ಭಯಕ್ಕೆ ಅದು ಬೀಗದಲ್ಲಿರುತ್ತಿತ್ತು. ನಟ ನಟಿಯರಿಗೆ ಸಿಗುತ್ತಿದ್ದುದು ಅವರವರ ಮಾತು ಮತ್ತು ಅದಕ್ಕೆ ಮುಂಚಿನ ಎದುರಾಳಿಯ ಕೊನೆಯ ಪದಗಳು ಮಾತ್ರ. ಓದು ಬಾರದವರಿಗೆ ಅದೂ ಇಲ್ಲ. ಯಾರಾದರೂ ಓದಿ ಹೇಳಿದ್ದನ್ನು ಕಿವಿಯಿಂದ ಕಲಿಯಬೇಕು. ಇಡೀ ನಾಟಕವನ್ನು ಕಾಗದದ ಮೇಲೆ ಕಾಣದವರು ನಾಟಕ ಬರೆಯುವುದಾದರೂ ಹೇಗೆ?

ಎರಡನೆಯ ಕಾರಣ ಮರ್ಯಾದೆಯದು. ನಟಿಯ ಆಟ ಬೇಕು, ಆಕೆಯ ಅಭಿಪ್ರಾಯ ಬೇಡ ಎಂಬುದು ಸಮಾಜದ ಒಪ್ಪಂದ. ಕಲ್ಕತ್ತೆಯ ವಿನೋದಿನಿ ದಾಸಿಯವರ ಕಥೆ ಪ್ರಸಿದ್ಧ. 1883ರಲ್ಲಿ ಅವರ ತ್ಯಾಗದಿಂದ ಕಟ್ಟಿದ ರಂಗಮಂದಿರಕ್ಕೆ ಅವರ ಹೆಸರಿಡುವ ಮಾತು ಕೊಟ್ಟಿದ್ದರು. ಕೊನೆಗೆ ಇಟ್ಟದ್ದು 'ಸ್ಟಾರ್' ಎಂಬ ಹೆಸರು. ರಂಗ ಬಿಟ್ಟ ಮೇಲೆ ಅವರು ಲೇಖನಿ ಹಿಡಿದು 1912ರಲ್ಲಿ ಆತ್ಮಕಥೆ ಪ್ರಕಟಿಸಿದ್ದರಿಂದ ಆ ಮಾತು ತಪ್ಪಿದ ಸಂಗತಿ ಇಂದಿಗೂ ಜನರಿಗೆ ತಿಳಿದಿದೆ. 2024ರ ಕೊನೆಯಲ್ಲಿ ಬಂಗಾಳ ಸರಕಾರ ಸ್ಟಾರ್ ಥಿಯೇಟರಿಗೆ ವಿನೋದಿನಿಯ ಹೆಸರಿಡುವುದಾಗಿ ಘೋಷಿಸಿತು. ನೂರ ನಲವತ್ತು ವರ್ಷ ತಡವಾಗಿಯಾದರೂ ನ್ಯಾಯ ಬಂದದ್ದು ಆಕೆ ಬರೆದಿಟ್ಟಿದ್ದರಿಂದ. ಬರೆಯದೆ ಹೋಗಿದ್ದರೆ ಕೇಳುವವರು ಯಾರಿದ್ದರು?

ಕನ್ನಡದಲ್ಲಿ ಕೆಲವರು ಬೇರೆ ದಾರಿ ಹಿಡಿದರು. ಬರೆಯುವ ಹಕ್ಕಿಗಿಂತ ಮೊದಲು ಕಂಪನಿಯ ಯಜಮಾನಿಕೆಯನ್ನೇ ಕೈಗೆ ತೆಗೆದುಕೊಂಡರು. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀಯರೇ ಇರುವ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಕಂಸ, ರಾವಣರಂಥ ಪಾತ್ರಗಳನ್ನು ತಾವೇ ಮಾಡಿದರು. 2012ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡರು. ಗಂಡಸಿನ ಪಾತ್ರ, ಗಂಡಸಿನ ಯಜಮಾನಿಕೆ ಎರಡನ್ನೂ ಅವರು ಗೆದ್ದರು. ಮಾತು ಮಾತ್ರ ಹಳೆಯ ಪೌರಾಣಿಕ ನಾಟಕಗಳದ್ದೇ ಆಗಿತ್ತು.

ಎರಡೂ ಪಟ್ಟಿಯಲ್ಲಿದ್ದವರು

ಆಡುವುದನ್ನೂ ಬರೆಯುವುದನ್ನೂ ಕೂಡಿಸಿಕೊಂಡ ಕನ್ನಡ ನಟಿಯರಲ್ಲಿ ಭಾರ್ಗವಿ ನಾರಾಯಣ್ ಅವರನ್ನು ಮುಖ್ಯವಾಗಿ ನೆನೆಯಬೇಕು. 1938ರ ಫೆಬ್ರವರಿ 4ರಂದು ಹುಟ್ಟಿದ ಅವರು ಬೆಂಗಳೂರಿನ ಹವ್ಯಾಸಿ ರಂಗಭೂಮಿಯಲ್ಲಿ ದಶಕಗಳ ಕಾಲ ದುಡಿದರು. ಪತಿ ಬೆಳವಾಡಿ ನಂಜುಂಡಯ್ಯ ನಾರಾಯಣ ನಾಟಕದವರಿಗೆಲ್ಲ ಮೇಕಪ್ ನಾಣಿ ಎಂದೇ ಪರಿಚಿತರು. ಮಕ್ಕಳಾದ ಪ್ರಕಾಶ್ ಬೆಳವಾಡಿ, ಸುಧಾ ಬೆಳವಾಡಿ ಕೂಡ ಅದೇ ಹಾದಿಯವರು. ಭಾರ್ಗವಿಯವರು ಕಾರ್ಮಿಕ ರಾಜ್ಯ ವಿಮಾ ನಿಗಮದಲ್ಲಿ ನೌಕರಿ ಮಾಡಿದರು, ಮನೆ ನಡೆಸಿದರು, ಸಂಜೆ ಬಣ್ಣ ಹಚ್ಚಿದರು. ಇದರ ನಡುವೆ ಆಕಾಶವಾಣಿಯ ಮಹಿಳೆಯರ ಮತ್ತು ಮಕ್ಕಳ ಕಾರ್ಯಕ್ರಮಗಳಿಗೆ ನಾಟಕಗಳನ್ನು ಬರೆದು ನಿರ್ದೇಶಿಸಿದರು. 'ಪ್ರೊಫೆಸರ್ ಹುಚ್ಚೂರಾಯ' ಚಿತ್ರದ ಪಾತ್ರಕ್ಕೆ ರಾಜ್ಯ ಪ್ರಶಸ್ತಿ, 1998ರಲ್ಲಿ ಕರ್ನಾಟಕ ನಾಟಕ ಅಕಾಡೆಮಿ ಪ್ರಶಸ್ತಿ ಅವರಿಗೆ ಬಂದವು. 2012ರಲ್ಲಿ 'ನಾನು, ಭಾರ್ಗವಿ' ಎಂಬ ಆತ್ಮಕಥೆ ಪ್ರಕಟವಾಯಿತು. 2022ರ ಫೆಬ್ರವರಿ 14ರಂದು ಅವರು ನಮ್ಮನ್ನು ಅಗಲಿದರು.

ಅವರ ಬರವಣಿಗೆ ಆಕಾಶವಾಣಿಯ ಮೂಲಕ ಬಂದದ್ದು ಆಕಸ್ಮಿಕವಲ್ಲ. ರಂಗದ ಮೇಲೆ ನಾಟಕ ತರಲು ತಂಡ ಬೇಕು, ಹಣ ಬೇಕು, ರಾತ್ರಿ ಹೊತ್ತಿನ ತಾಲೀಮು ಬೇಕು. ರೇಡಿಯೋ ನಾಟಕಕ್ಕೆ ಒಂದಿಷ್ಟು ಹಾಳೆ, ನಾಲ್ಕಾರು ಧ್ವನಿಗಳು ಸಾಕು. ಹಗಲು ಹೊತ್ತಿನಲ್ಲೇ ಮುಗಿಯುವ ಕೆಲಸ. ಬರೆದವರ ಹೆಸರನ್ನು ಉದ್ಘೋಷಕರು ಹೇಳಿಯೇ ಹೇಳುತ್ತಾರೆ. ಕೇಳುವವರ ಕಡೆಯಿಂದ ನೋಡಿದರೂ ಅಷ್ಟೆ. 1966ರಲ್ಲಿ ಕಲಬುರಗಿ ಆಕಾಶವಾಣಿ ಆರಂಭವಾದ ಮೇಲೆ ನಮ್ಮ ಭಾಗದಲ್ಲಿ ನಾಟಕದ ಡೇರೆಗೆ ಹೋಗದ ಹೆಂಗಸರು, ಪರದೆಯೊಳಗಿನ ಹೆಂಗಸರು ಕೂಡ ರೊಟ್ಟಿ ಬಡಿಯುತ್ತ ನಾಟಕ ಕೇಳುವಂತಾಯಿತು. ರಂಗಮಂದಿರದ ಬಾಗಿಲು ಯಾರಿಗೆ ತೆರೆಯಲಿಲ್ಲವೋ ಅವರ ಅಡಿಗೆಮನೆಗೇ ನಾಟಕ ನಡೆದು ಬಂತು.

ಉರ್ದು ಲೋಕದಲ್ಲಿ ಈ ದಾರಿ ಇನ್ನೂ ಉದ್ದದ್ದು. ಉರ್ದು ರಂಗಭೂಮಿಯಿಂದ ಬಂದ ಫಾತಿಮಾ ಬೇಗಂ 1926ರಲ್ಲಿ 'ಬುಲ್‌ಬುಲೆ ಪರಿಸ್ತಾನ್' ಚಿತ್ರವನ್ನು ನಿರ್ದೇಶಿಸಿ ಭಾರತದ ಮೊದಲ ಚಿತ್ರನಿರ್ದೇಶಕಿಯಾದರು. ನಟಿಯಾಗಿದ್ದವರು ಕಥೆ ಹೇಳುವ ಅಧಿಕಾರವನ್ನೂ ತಮ್ಮದಾಗಿಸಿಕೊಂಡ ದೊಡ್ಡ ಉದಾಹರಣೆ ಇದು. 1932ರಲ್ಲಿ ಲಖನೌದಿಂದ ಬಂದ 'ಅಂಗಾರೆ' ಸಂಕಲನದಲ್ಲಿ ನಾಲ್ವರು ಲೇಖಕರಿದ್ದರು. ಅವರಲ್ಲಿ ಒಬ್ಬರೇ ಹೆಣ್ಣುಮಗಳು, ವೃತ್ತಿಯಿಂದ ವೈದ್ಯೆಯಾದ ರಶೀದ್ ಜಹಾನ್. ಮುಸ್ಲಿಂ ಮನೆಯ ಪರದೆಯ ಹಿಂದಿನ ನೋವನ್ನು ಅವರು ಅದರಲ್ಲಿ ನಾಟಕವಾಗಿಯೇ ಬರೆದರು. ಮರುವರ್ಷ ಸರಕಾರ ಆ ಪುಸ್ತಕವನ್ನು ನಿಷೇಧಿಸಿತು.

ಅದೇ ಸಂಕಲನದ ಸಜ್ಜಾದ್ ಜಹೀರ್ ಮತ್ತು ಲೇಖಕಿ ರಜಿಯಾ ಸಜ್ಜಾದ್ ಜಹೀರ್ ಅವರ ಮಗಳು ನಾದಿರಾ ಜಹೀರ್ ಬಬ್ಬರ್. 1948ರಲ್ಲಿ ಹುಟ್ಟಿದ ಇವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು 1971ರಲ್ಲಿ ಹೊರಬಂದರು. 1981ರಲ್ಲಿ ಮುಂಬಯಿಯಲ್ಲಿ 'ಏಕ್‌ಜುಟ್' ತಂಡ ಕಟ್ಟಿದಾಗ ಮೊದಲು ಎತ್ತಿಕೊಂಡದ್ದು ಆಗಾ ಹಶ್ರ್ ಕಾಶ್ಮೀರಿಯವರ 'ಯಹೂದಿ ಕೀ ಲಡ್ಕಿ'. ನಮ್ಮ ಅಜ್ಜಂದಿರ ಕಾಲದ ಪಾರ್ಸಿ ಶೈಲಿಯ ಉರ್ದು ನಾಟಕ ಅದು. ಅವರು ನಟಿಸಿದರು, ನಿರ್ದೇಶಿಸಿದರು. ಸ್ವಂತ ನಾಟಕ 'ದಯಾಶಂಕರ್ ಕೀ ಡೈರಿ' ಬಂದದ್ದು 1997ರಲ್ಲಿ, ತಂಡ ಕಟ್ಟಿ ಹದಿನಾರು ವರ್ಷಗಳ ಮೇಲೆ. ಬರಹಗಾರರ ಮನೆಯಲ್ಲಿ ಹುಟ್ಟಿ, ಪುಸ್ತಕಗಳ ನಡುವೆ ಬೆಳೆದ ನಟಿಗೂ ತನ್ನ ನಾಟಕಕ್ಕೆ ಐವತ್ತರ ಹತ್ತಿರ ಬರಬೇಕಾಯಿತು. ಹಾಗಾದರೆ ಡೇರೆಯಲ್ಲಿ ಹುಟ್ಟಿ ಡೇರೆಯಲ್ಲಿ ಬೆಳೆದವಳ ಪಾಡೇನು?

ನಂತರ ಅವರು ತಡೆಯಲಿಲ್ಲ. ಮನೆಗೆಲಸದ ಹೆಂಗಸೊಬ್ಬಳು ಪಾತ್ರೆ ತೊಳೆಯುತ್ತ, ನೆಲ ಒರೆಸುತ್ತ ತನ್ನ ಬದುಕನ್ನು ಹೇಳಿಕೊಳ್ಳುವ 'ಸಕೂಬಾಯಿ' ಬರೆದರು. ಸರಿತಾ ಜೋಶಿಯವರು ಒಬ್ಬರೇ ರಂಗವನ್ನು ತುಂಬಿ ಅದನ್ನು ಆಡಿದರು. 'ಬೇಗಂ ಜಾನ್' ನಾಟಕದಲ್ಲಿ ತಾವೇ ಮುಖ್ಯ ಪಾತ್ರ ಮಾಡಿದರು. ಗಮನಿಸಬೇಕಾದದ್ದು ವಸ್ತುವನ್ನು. ಮನೆಗೆಲಸದವಳು ಗಂಡಸರು ಬರೆದ ನಾಟಕಗಳಲ್ಲಿ ಚಹಾ ತಂದಿಟ್ಟು ಹೋಗುವ ಪಾತ್ರ. ನಟಿ ಬರೆದಾಗ ಆಕೆ ಇಡೀ ನಾಟಕವಾಗುತ್ತಾಳೆ. ಎಷ್ಟೋ ವರ್ಷ ಸಣ್ಣ ಪಾತ್ರಗಳನ್ನು ಒಳಗಿನಿಂದ ಕಂಡವರಿಗೆ ಮಾತ್ರ ಯಾವ ಪಾತ್ರಕ್ಕೆ ಮಾತೇ ಸಿಕ್ಕಿಲ್ಲ ಎಂಬುದು ಗೊತ್ತಿರುತ್ತದೆ.

ಕನ್ನಡದಲ್ಲಿ ದು. ಸರಸ್ವತಿಯವರ 'ಸಣ್ತಿಮ್ಮಿ ರಾಮಾಯಣ' ಇದೇ ಮಾತಿಗೆ ಸಾಕ್ಷಿ. ಬೆಂಗಳೂರಿನ ಪೌರಕಾರ್ಮಿಕ ಹೆಣ್ಣುಮಕ್ಕಳ ಹೋರಾಟದಲ್ಲಿ ದುಡಿದ ಈ ದಲಿತ ಲೇಖಕಿ ತಾವೇ ಬರೆದು ತಾವೇ ಏಕವ್ಯಕ್ತಿಯಾಗಿ ಆಡುವವರು. ಹಳ್ಳಿಯ ಸಣ್ತಿಮ್ಮಿ ತನ್ನ ಆಡುಮಾತಿನಲ್ಲಿ ರಾಮಾಯಣ ಹೇಳುತ್ತ ಹೋಗುತ್ತಾಳೆ. ಕೇಳುವವರು ನಗುತ್ತಾರೆ, ನಗುತ್ತ ನಗುತ್ತಲೇ ಯೋಚನೆಗೆ ಬೀಳುತ್ತಾರೆ. ಇಲ್ಲಿ ಮಾತು ಕಟ್ಟುವವಳು, ಆಡುವವಳು ಬೇರೆ ಬೇರೆ ಅಲ್ಲ. ಜಾತ್ರೆಯ ರಾತ್ರಿ ನಮ್ಮ ಹಳ್ಳಿಗೆ ಬರುವ ನಟಿ ಮಾಡುವುದೂ ಇದನ್ನೇ. ವ್ಯತ್ಯಾಸ ಒಂದೇ, ಇಲ್ಲಿ ಹೆಸರು ಉಳಿದಿದೆ.

ನಮ್ಮ ಮನೆಯೊಳಗಿನ ರಂಗ

ಮುಸ್ಲಿಂ ಓದುಗರಲ್ಲಿ ಕೆಲವರು, ಇದಕ್ಕೂ ನಮಗೂ ಏನು ಸಂಬಂಧ, ನಮ್ಮ ಹೆಣ್ಣುಮಕ್ಕಳು ರಂಗ ಹತ್ತುವವರಲ್ಲ ಎಂದಾರು. ಆದರೆ ದಖನಿ ಮಾತಾಡುವ ನಮ್ಮ ಮನೆಗಳ ಮದುವೆಗಳನ್ನು ನೆನಪಿಸಿಕೊಳ್ಳಿ. ಢೋಲಕ್ ಮುಂದಿಟ್ಟುಕೊಂಡು ಹೆಂಗಸರು ಹಾಡುವ ಢೋಲಕ್ ಕೇ ಗೀತ್‌ಗಳಲ್ಲಿ ಅತ್ತೆ ಬರುತ್ತಾಳೆ, ನಾದಿನಿ ಬರುತ್ತಾಳೆ, ಪೆದ್ದ ಮದುಮಗ ಬರುತ್ತಾನೆ. ಒಬ್ಬಳು ಹೇಳಿದ ಸಾಲಿಗೆ ಇನ್ನೊಬ್ಬಳು ತಕ್ಷಣ ಉತ್ತರ ಕಟ್ಟುತ್ತಾಳೆ. ಒಬ್ಬಳು ದುಪಟ್ಟಾವನ್ನು ಪೇಟದಂತೆ ಸುತ್ತಿ ಮಾವನ ಅಣಕ ಮಾಡಿದರೆ ಇಡೀ ಅಂಗಳ ನಗುತ್ತದೆ. ಅಲ್ಲಿ ಪಾತ್ರವಿದೆ, ಸಂಭಾಷಣೆಯಿದೆ, ಪ್ರೇಕ್ಷಕರಿದ್ದಾರೆ. ಇಲ್ಲದ್ದು ಕಾಗದ ಮಾತ್ರ. ಲಿಂಗಾಯತರ, ಮರಾಠರ ಮನೆಗಳ ಮದುವೆಯ ಬೀಗರ ಹಾಡುಗಳಲ್ಲೂ ಇದೇ ಸೊಗಸು.

ಕಥೆಯಲ್ಲಿ ಕನ್ನಡದ ಮುಸ್ಲಿಂ ಹೆಣ್ಣುಮಕ್ಕಳು ಕಾಗದವನ್ನು ಗೆದ್ದಾಗಿದೆ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತ��ರದಲ್ಲಿ' ಬರೆದು ತಲಾಖಿನ ಸಂಕಟವನ್ನು ಕನ್ನಡಿಗರ ಮನೆಮನೆಗೆ ಮುಟ್ಟಿಸಿದರು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಆ ಕಥೆಗಳಲ್ಲಿ ಹೆಂಗಸರು ಮಾತಾಡುವ ರೀತಿ ನೋಡಿದರೆ ಅವರ ಬಾಯಲ್ಲಿ ನಾಟಕ ಎಷ್ಟಿದೆ ಎಂಬುದು ಗೊತ್ತಾಗುತ್ತದೆ. ಕಥೆಗಾರರಾದ ನಮಗೆ ಅನಿಸುವುದಿಷ್ಟು. ಅಂಗಳದ ಆ ಮಾತು ಕಥೆಯವರೆಗೆ ಬಂದಿದೆ, ರಂಗದವರೆಗೆ ಹೋಗುವ ಹಾದಿ ಇನ್ನೂ ಬಾಕಿಯಿದೆ. ರಂಗ ಹತ್ತಲು ಮನಸ್ಸಿಲ್ಲದವರು ಬರೆಯಬಹುದಲ್ಲ! ಹತ್ತಿದವರನ್ನು ಕೀಳಾಗಿ ಕಾಣುವುದನ್ನಾದರೂ ಬಿಡಬಹುದಲ್ಲ!

ಈ ನೆಲಕ್ಕೆ ಅಂಥ ಧೈರ್ಯ ಹೊಸದಲ್ಲ. ಕಮಲನಗರದಲ್ಲಿ ಹುಟ್ಟಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದನ್ನು ಜಿಲ್ಲೆಯ ಮಕ್ಕಳೆಲ್ಲ ಕೇಳಿದ್ದಾರೆ. ಉರ್ದು ಶಾಲೆಯಲ್ಲಿ ಕಲಿತು ಕನ್ನಡದಲ್ಲಿ ಬರೆಯುವ ನಮಗೆ ಆ ಫಲಕ ಯಾವ ಭಾಷೆಯ ಮೇಲಿನ ದ್ವೇಷವಾಗಿಯೂ ಕಾಣುವುದಿಲ್ಲ. ಮನೆಮಾತನ್ನು ಅಕ್ಷರಕ್ಕೆ ತರುವ ಹಟವಾಗಿ ಕಾಣುತ್ತದೆ. ನಟಿಯ ಮಾತಿಗೆ ಬೇಕಾದದ್ದು ಅದೇ ಹಟ. ಬೀದರ್ ನಗರದ ಜಿಲ್ಲಾ ರಂಗಮಂದಿರಕ್ಕೆ ಪಟ್ಟದ್ದೇವರ ಹೆಸರಿದೆ. ಅಲ್ಲಿ ಆಡುವ ನಾಟಕಗಳಲ್ಲಿ ಈ ಜಿಲ್ಲೆಯ ಹೆಣ್ಣುಮಗಳು ಬರೆದದ್ದು ಎಷ್ಟು ಎಂದು ನಾವು ಕೇಳಿಕೊಳ್ಳಬೇಕು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ನಮ್ಮ ಜಾತ್ರೆಗಳಿಗೆ ಬಂದು ಹೋದ ಹಿರಿಯ ನಟಿಯರಲ್ಲಿ ಅನೇಕರು ಈಗ ಮಾಸಾಶನ ನಂಬಿ ಬದುಕುವ ವಯಸ್ಸಿನಲ್ಲಿದ್ದಾರೆ. ಅವರ ಬಾಯಲ್ಲಿ ಹತ್ತಾರು ನಾಟಕಗಳು, ಪುಸ್ತಕದಲ್ಲಿಲ್ಲದ ನೂರಾರು ಮಾತುಗಳು ಇನ್ನೂ ಇವೆ. ಭಾಲ್ಕಿ, ಔರಾದ, ಬೀದರ್ ಕಾಲೇಜುಗಳಲ್ಲಿ ಕನ್ನಡ, ಉರ್ದು, ಮರಾಠಿ ಓದುತ್ತಿರುವ ಹುಡುಗಿಯರ ಕೈಯಲ್ಲಿ ಮೊಬೈಲ್ ಇದೆ. ಅವರು ಹೋಗಿ ಆ ಮಾತುಗಳನ್ನು ಧ್ವನಿಮುದ್ರಿಸಿ, ಬರೆದು, ಮೇಲೆ ಆಡಿದವಳ ಹೆಸರನ್ನೇ ಹಾಕಲಿ. ಬರೆಯುತ್ತ ಬರೆಯುತ್ತ ಅವರಲ್ಲೊಬ್ಬಳಿಗೆ ತನ್ನದೇ ನಾಟಕ ಹೊಳೆದರೆ ಇನ್ನೂ ಒಳ್ಳೆಯದು. ಅದು ಯಾವ ಭಾಷೆಯಲ್ಲಿದ್ದರೂ ನಮ್ಮದೇ.